ಕೊನೆಯ ಬೆಂಚಿನ ಸಮಾಧಾನ

ಕಾಲೇಜಿಗೆ ಒಯ್ಯುವ ಕೈಚೀಲವನ್ನು ಒಗೆಯೋಣವೆಂದು ತಲೆಕೆಳಗು ಮಾಡಿ ಕೊಡವಿದೆ. ಬಸ್ ಟಿಕೆಟಿನ ಚೂರುಗಳು, ಮುರಿದ ಸೀಮೆಸುಣ್ಣ, ತುಕ್ಕು ಹಿಡಿದ ಒಂದು ಪಿನ್ನು, ಇವುಗಳ ಹಿಂದೆಯೇ ಹೆಬ್ಬೆರಳು ಗಾತ್ರದ ಒಂದು ಪ್ಲಾಸ್ಟಿಕ್ ಬಾಟಲಿ ಉರುಳಿ ಬಿತ್ತು. ಕೊರೋನಾ ಕಾಲದ ಸ್ಯಾನಿಟೈಸರ್. ಒಳಗಿದ್ದದ್ದು ಆರಿಹೋಗಿ ತಳದಲ್ಲಿ ಗೋಂದಿನ ಹಾಗೆ ಅಂಟಿಕೊಂಡಿತ್ತು. ಸುಮ್ಮನೆ ಎಸೆಯುವುದು ಬಿಟ್ಟು ಮುಚ್ಚಳ ತಿರುಗಿಸಿ ಮೂಸಿ ನೋಡಿದೆ. ವಾಸನೆ ಇನ್ನೂ ಉಳಿದಿತ್ತು. ಆ ವಾಸನೆಗೆ ಬೇರೆ ಯಾರಿಗಾದರೂ ಆಸ್ಪತ್ರೆ ನೆನಪಾಗುತ್ತಿತ್ತೇನೋ. ನನಗೆ ನೆನಪಾದದ್ದು ನಮ್ಮ ದೇವಾಲಯದ, ಎಂದರೆ ಚರ್ಚಿನ, ಕೊನೆಯ ಬೆಂಚು, ಮತ್ತು ಅದರ ಬಾಗಿಲಾಚೆ ಹೂವು ಮಾರುವ ಮಾದಮ್ಮನ ಅಂಗೈ.

ಅಂಗೈಯ ವಿಷಯ ಹೇಳುವ ಮೊದಲು ನನ್ನ ಹೆದರಿಕೆಯ ವಿಷಯ ಹೇಳಬೇಕು. ನಮ್ಮೂರು ಕೊಳ್ಳೇಗಾಲ ಎಂದರೆ ಸಾಕು, ಕೇಳಿದವರು ಒಂದು ಗಳಿಗೆ ನನ್ನ ಮುಖ ಬಿಟ್ಟು ಕೈ ನೋಡುತ್ತಾರೆ. ಮಾಟ ಮಂತ್ರಕ್ಕೆ ಹೆಸರಾದ ಊರು ತಾನೇ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಒಮ್ಮೆ ಪಾನಕಕ್ಕೆಂದು ನಿಂಬೆಹಣ್ಣು ತಂದು ಹಾಸ್ಟೆಲಿನ ಮೇಜಿನ ಮೇಲಿಟ್ಟೆ. ಜೊತೆಯಲ್ಲಿದ್ದ ಹುಡುಗಿ ನಕ್ಕಳು, ತಮಾಷೆ ಮಾಡಿದಳು, ಆಮೇಲೆ ಮೆಲ್ಲಗೆ ತನ್ನ ಬಾಚಣಿಗೆಯನ್ನು ಎತ್ತಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೂದಲು ನನ್ನ ಕೈಗೆ ಸಿಕ್ಕಬಾರದಲ್ಲ. ನನ್ನನ್ನು ಕಂಡು ಈ ಲೋಕದಲ್ಲಿ ಯಾರಾದರೂ ಹೆದರಿದ್ದರೆ ಅವಳೊಬ್ಬಳೇ. ನಾಡೆಲ್ಲ ಹೆದರುವ ಊರಿನಲ್ಲಿ ಹುಟ್ಟಿದ ನಾನಾದರೋ ಎಲ್ಲದಕ್ಕೂ ಹೆದರುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ, ಕಾಲೇಜಿಗೆ ಹೋಗುವ ಯಳಂದೂರಿನ ಬಸ್ಸಿನಲ್ಲಿ ಪಕ್ಕದವರು ಮಾತಿಗೆಳೆದರೆ, ಪಾಠ ಮಾಡುವಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರೆ, ನನ್ನ ಅಂಗೈ ಬೆವರುತ್ತದೆ. ಅಂಗೈ ಬೆವರುವುದರಿಂದ ಇನ್ನೊಬ್ಬರಿಗೆ ಕೈ ಕೊಡಲು ಹೆದರಿಕೆ. ಆ ಹೆದರಿಕೆಗೆ ಅಂಗೈ ಇನ್ನಷ್ಟು ಬೆವರುತ್ತದೆ. ಇಂಥವಳನ್ನು ದೇವರು ಕೈಗೆ ಕೈ ಕೊಡುವ ಸಭೆಯಲ್ಲೇ ಹುಟ್ಟಿಸಿದ.

ಅದೇನು ಕೈ ಕೊಡುವುದು ಎಂದು ನೀವು ಕೇಳಬಹುದು. ನಮ್ಮಲ್ಲಿ ಭಾನುವಾರದ ಆರಾಧನೆಯ ನಡುವೆ, ಕಾಣಿಕೆಯ ಕೀರ್ತನೆ ಶುರುವಾಗುವ ಮುಂಚೆ, ಅಯ್ಯನವರು ವೇದಿಕೆಯಿಂದ ಇಳಿದು ಬಂದು ಮೊದಲ ಬೆಂಚಿನವರಿಗೆ ಸಮಾಧಾನ ಕೊಡುತ್ತಾರೆ. ಅಯ್ಯನವರು ಎಂದರೆ ನಮ್ಮ ಪಾದ್ರಿಗಳು. ಕೊಡುವವರ ಬಲಗೈ ತೆಗೆದುಕೊಳ್ಳುವವರ ಬಲಗೈಗೆ ಅಂಗೈಗೆ ಅಂಗೈ ತಾಗುವಂತೆ ಸೇರಬೇಕು. ಆಮೇಲೆ ಇಬ್ಬರೂ ತಮ್ಮ ಎಡಗೈಯನ್ನು ಅದರ ಮೇಲೆ ಮುಚ್ಚಬೇಕು. ನಾಲ್ಕು ಕೈ ಸೇರಿ ಮುಚ್ಚಳವಿರುವ ಸಣ್ಣ ಡಬ್ಬಿಯ ಹಾಗಾಗುತ್ತದೆ. "ದೇವರ ಸಮಾಧಾನ" ಎಂದು ಮೆಲ್ಲಗೆ ಹೇಳಿ ಬಿಡಿಸಿಕೊಂಡು, ತೆಗೆದುಕೊಂಡವರು ಹಿಂದೆ ತಿರುಗಿ ಹಿಂದಿನವರಿಗೆ ಕೊಡಬೇಕು. ಹೀಗೆ ಬೆಂಚಿನಿಂದ ಬೆಂಚಿಗೆ ಅದು ಹಿಂದಕ್ಕೆ ಸಾಗುತ್ತದೆ. ಎರಡು ಕೈಯೂ ಬೇಕಾದ್ದರಿಂದ ಆ ಹೊತ್ತಿಗೆ ಛತ್ರಿ, ಪರ್ಸು, ಕೀರ್ತನೆ ಪುಸ್ತಕ ಎಲ್ಲ ಬೆಂಚಿನ ಮೇಲೆ. ಎಳೆಮಕ್ಕಳಿದ್ದ ಹೆಂಗಸರು ಮಗುವನ್ನು ಪಕ್ಕದವರ ಮಡಿಲಿಗೆ ದಾಟಿಸಿ, ಸಮಾಧಾನ ಕೊಟ್ಟು ಮುಗಿಸಿ, ಮಗುವನ್ನು ವಾಪಸು ತೆಗೆದುಕೊಳ್ಳುತ್ತಾರೆ.

ಇದಕ್ಕೆ ನಮ್ಮ ಜನರ ಬಾಯಲ್ಲಿ ಕೈ ಕೊಡುವುದು ಎಂದೇ ಹೆಸರು. ಉಳಿದ ಕನ್ನಡಿಗರಿಗೆ ಕೈ ಕೊಡುವುದೆಂದರೆ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು ಎಂದೂ ಅರ್ಥವಿದೆ ಎನ್ನುವುದು ನಮ್ಮವರಿಗೆ ನೆನಪಿರುವುದಿಲ್ಲ. ಸಭೆಯ ಕಾರ್ಯದರ್ಶಿಗಳಾದ ಜಯಶೀಲ ಮೇಷ್ಟ್ರ ಮನೆಗೆ ಬಳ್ಳಾರಿ ಕಡೆಯಿಂದ ಹೊಸ ಅಳಿಯ ಬಂದಿದ್ದರು. ಮೊದಲ ಭಾನುವಾರದ ಊಟಕ್ಕೆ ಕೂತಾಗ ಅತ್ತೆ, ಅಯ್ಯನವರು ಇವತ್ತು ಎಲ್ಲರಿಗಿಂತ ಮೊದಲು ನಮ್ಮ ಅಳಿಯನಿಗೇ ಕೈ ಕೊಟ್ಟರು ಎಂದು ಹೆಮ್ಮೆಯಿಂದ ನೆರೆಯವರಿಗೆ ಹೇಳುವುದನ್ನು ಕೇಳಿ ಆತನಿಗೆ ಅನ್ನ ಗಂಟಲಲ್ಲೇ ನಿಂತಿತಂತೆ.

ಸಮಾಧಾನ ಎನ್ನುವ ಮಾತಿನಲ್ಲಿ ನಾನೂ ಒಮ್ಮೆ ಎಡವಿದ್ದೇನೆ. ಒಂದನೇ ತರಗತಿಯೋ ಎರಡನೆಯದೋ ಇರಬೇಕು. ಅಜ್ಜಿ ನನಗೆ ಕೈ ಕೊಟ್ಟರು. ಕೊಟ್ಟದ್ದೆಂದರೆ ಏನೋ ಇರಲೇಬೇಕಲ್ಲ ಎಂದು ಮುಷ್ಟಿ ಮುಚ್ಚಿದವಳು ತೆರೆಯಲೇ ಇಲ್ಲ. ಆವತ್ತು ಆರಾಧನೆಯಿಂದ ನೇರವಾಗಿ ಯಳಂದೂರಿನ ದೊಡ್ಡಮ್ಮನ ಮನೆಗೆ ಹೊರಟೆವು. ಬಸ್ಸಿನಲ್ಲಿ ಕಂಬಿ ಹಿಡಿಯದೆ ನಿಂತು ಕಂಡಕ್ಟರನ ಮೇಲೆ ಬಿದ್ದೆ. ಮುಷ್ಟಿಯೊಳಗೆ ಏನು ಎಂದು ಆತ ಕೇಳಿದ. ಸಮಾಧಾನ ಎಂದೆ. "ನಮ್ ಡ್ರೈವರ್‌ಗೂ ಒಸಿ ಕೊಡವ್ವ, ಬೆಳಗಿಂದ ಸಿಟ್ನಲ್ಲಿ ಓಡಿಸ್ತಾವ್ನೆ" ಎಂದ. ಬಸ್ಸಿನವರೆಲ್ಲ ನಕ್ಕರು. ದೊಡ್ಡಮ್ಮನ ಮನೆಯಲ್ಲಿ ಊಟಕ್ಕೆ ಕೈ ತೆರೆಯಲೇಬೇಕಾಯಿತು. ತೆರೆದರೆ ಒಳಗೆ ಬೆವರು ಬಿಟ್ಟು ಏನೂ ಇರಲಿಲ್ಲ. ಅಷ್ಟು ದೂರ ತಂದದ್ದು ದಾರಿಯಲ್ಲಿ ಸೋರಿಹೋಯಿತೆಂದು ಅತ್ತುಬಿಟ್ಟೆ. ಎಲ್ಲರೂ ನನ್ನನ್ನು ಸಮಾಧಾನ ಮಾಡಿದರು.

ನಮ್ಮ ದೇವಾಲಯ ಹಳೆಯದು. ಕಲ್ಲಿನ ಗೋಡೆ, ಮಂಗಳೂರು ಹೆಂಚು, ಪೂರ್ವಕ್ಕೆ ಬಣ್ಣದ ಗಾಜಿನ ಒಂದೇ ಕಿಟಕಿ. ಆಂಗ್ಲಿಕನ್ ಸಭೆಯ ದೊರೆಗಳು ಕಟ್ಟಿಸಿದ್ದು. ಆಗ ಕೊಳ್ಳೇಗಾಲ ಕೊಯಮತ್ತೂರಿಗೆ ಸೇರಿತ್ತಾದ್ದರಿಂದ ಹಿತ್ತಿಲಿನ ಸಮಾಧಿಗಳ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ತಮಿಳೂ ಇದೆ, ಕನ್ನಡ ಆಮೇಲಿನ ಕಲ್ಲುಗಳಲ್ಲಿ ಬರುತ್ತದೆ. ಜ್ವರದಲ್ಲಿ ತೀರಿಕೊಂಡ ದೊರೆಯ ಮಗುವಿನದೊಂದು ಸಣ್ಣ ಸಮಾಧಿ ಇದೆ, ಅದರ ಪಕ್ಕ ಹೋಗಲು ನನಗೆ ಈಗಲೂ ಧೈರ್ಯವಿಲ್ಲ. ಇಷ್ಟೆಲ್ಲ ಇದ್ದರೂ ಊರಿನಲ್ಲಿ ನಾವು ಕಾಣುವುದು ಕಡಿಮೆ. ಕ್ರೈಸ್ತರು ಎಂದರೆ ಈ ಕಡೆಯವರು ತಕ್ಷಣ ಕೇಳುವುದು, ನೀವು ಮಾರ್ಟಳ್ಳಿಯವರಾ ಎಂದು. ಅಲ್ಲಿಯವರು ಕ್ಯಾಥೊಲಿಕರು, ನಾವು ಬೇರೆ, ಅವರ ದೊಡ್ಡ ಚರ್ಚು ಬೇರೆ ಎಂದು ವಿವರಿಸುವಷ್ಟರಲ್ಲಿ ಕೇಳಿದವರಿಗೆ ಆಸಕ್ತಿ ಹೋಗಿರುತ್ತದೆ. ಆ ಆಸಕ್ತಿ ಇಲ್ಲದಿರುವುದೇ ನಮಗೊಂದು ನೆಮ್ಮದಿಯಾಗಿತ್ತು ಎಂದು ಈಗ ಅನ್ನಿಸುತ್ತದೆ.

ದೊರೆಗಳ ಕಾಲದಲ್ಲಿ ಮುಂದೆ ಬೆತ್ತದ ಕುರ್ಚಿಗಳಿದ್ದವಂತೆ, ಅವುಗಳ ಹಿಂದೆ ಬೆಂಚುಗಳು. ಕಟ್ಟಕಡೆಯ ಬೆಂಚು ಅಡಿಗೆಯವರದು, ಆಯಾಗಳದು, ಕುದುರೆ ನೋಡಿಕೊಳ್ಳುವವರದು. ನನ್ನ ಅಜ್ಜಿ ಕರುಣಮ್ಮನ ತಂದೆ ಕಾಡಿನ ಅಧಿಕಾರಿಯೊಬ್ಬನ ಅಡಿಗೆಯವರು. ಹಾಗಾಗಿ ಆ ಬೆಂಚು ನಮ್ಮ ಮನೆಯದು. ಕುರ್ಚಿಗಳು ಹೋಗಿ, ದೊರೆಗಳು ಹೋಗಿ, ಮುಂದೆಲ್ಲ ಜಾಗ ಖಾಲಿಯಾದರೂ ಅಜ್ಜಿ ಅಲ್ಲಿಂದ ಏಳಲಿಲ್ಲ.

ದಕ್ಷಿಣದ ಪ್ರೊಟೆಸ್ಟೆಂಟ್ ಸಭೆಗಳು ಕೂಡಿಕೊಂಡು ಒಂದಾದ ಮೇಲೆ ಈ ಕೈ ಕೊಡುವ ಪದ್ಧತಿ ಬಂತು. ನಮ್ಮೂರಿಗೆ ಅದು ನಿಧಾನವಾಗಿ ತಲುಪಿತು. ಶುರುವಾದ ದಿನ ಆಗಿನ ಅಯ್ಯನವರು, ಸಮಾಧಾನವನ್ನು ಮುಂದಿನಿಂದ ಹಿಂದಕ್ಕೆ ಕೊಡುತ್ತಾ ಹೋಗಬೇಕು, ಯಾರೂ ತಮ್ಮಲ್ಲೇ ಇಟ್ಟುಕೊಳ್ಳಬಾರದು ಎಂದು ವಿವರಿಸಿದರಂತೆ. ಅಜ್ಜಿಗೆ ಆಗ ಹರೆಯ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವರು. ಕೊನೆಯ ಬೆಂಚಿನ ಕೊನೆಯಲ್ಲಿ ಕೂತಿದ್ದ ಅವರಿಗೆ ಸಮಾಧಾನ ಬಂತು. ಹಿಂದೆ ತಿರುಗಿದರು. ಹಿಂದೆ ಬೆಂಚಿರಲಿಲ್ಲ, ತೆರೆದ ಬಾಗಿಲಿತ್ತು. ತಮ್ಮಲ್ಲೇ ಇಟ್ಟುಕೊಳ್ಳಬಾರದಲ್ಲ. ಎದ್ದು ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸಿಗೆ ಕೈ ಕೊಟ್ಟು ಬಂದು ಕುಳಿತರು. ಎಲ್ಲರೂ ವೇದಿಕೆಯ ಕಡೆ ನೋಡಿದರಂತೆ. ಅಯ್ಯನವರು ಬೈಯಲೂ ಇಲ್ಲ, ಸರಿ ಎನ್ನಲೂ ಇಲ್ಲ. ಅಜ್ಜಿ ಬಂದು ಕೂರುವ ತನಕ ಕೀರ್ತನೆ ಎತ್ತದೆ ಕಾದರು, ಅಷ್ಟೆ. ಆ ಕಾದದ್ದೇ ಅಪ್ಪಣೆಯೆಂದು ಲೆಕ್ಕವಾಯಿತು. ತಪ್ಪು ತಿಳಿದು ಮಾಡಿದ್ದು ನಮ್ಮ ದೇವಾಲಯದ ಪದ್ಧತಿಯಾಗಿ ಉಳಿಯಿತು. ಹೂವಿನ ಹೆಂಗಸು ಹೋದ ಮೇಲೆ ಅವಳ ಸೊಸೆ ಅದೇ ಮೆಟ್ಟಿಲಿಗೆ ಬಂದಳು. ಅವಳೇ ಮಾದಮ್ಮ.

ಮಾದಮ್ಮ ಮಧುವನಹಳ್ಳಿಯವಳು. ಬೆಟ್ಟದ ಮಾದಪ್ಪನ ಒಕ್ಕಲು. ವರ್ಷಕ್ಕೊಮ್ಮೆ ನಡೆದೇ ಬೆಟ್ಟಕ್ಕೆ ಹೋಗಿ ಬರುತ್ತಾಳೆ, ಬಂದ ಮೇಲೆ ಅಜ್ಜಿಗೆ ಲಾಡು ತಂದುಕೊಡುತ್ತಾಳೆ. ಸಮಾಧಾನವನ್ನು ಅವಳು ಮಂಗಳಾರತಿ ತೆಗೆದುಕೊಂಡ ಹಾಗೆ ಕಣ್ಣಿಗೆ ಒತ್ತಿಕೊಳ್ಳುತ್ತಾಳೆ. ನಮ್ಮ ಸುಗ್ಗಿ ಹಬ್ಬಕ್ಕೆ ಕಾಣಿಕೆ ಬಂದ ಬೆಳೆಯ ಹರಾಜಿನಲ್ಲಿ ಕುಂಬಳಕಾಯಿಗೆ ಮೇಷ್ಟ್ರಿಗೆ ಎದುರಾಗಿ ಕೂಗಿ ಗೆಲ್ಲುತ್ತಾಳೆ. ನಮ್ಮ ದೇವರು ಯಾರು, ನಮ್ಮ ಪುಸ್ತಕದಲ್ಲಿ ಏನಿದೆ ಎಂದು ಅವಳು ಕೇಳಿದ್ದಿಲ್ಲ, ಅಜ್ಜಿ ಹೇಳಿದ್ದೂ ಇಲ್ಲ. ಒಮ್ಮೆ ಮಾತ್ರ ಕೈ ಬಿಡದೆ ಹಾಗೇ ಹಿಡಿದುಕೊಂಡು, "ಅವ್ವ, ಇವತ್ತು ಒಸಿ ಜಾಸ್ತಿ ಕೊಡಿ, ಅಳಿಯ ಬಂದವ್ನೆ" ಎಂದಳಂತೆ.

ಹೈಸ್ಕೂಲಿಗೆ ಬಂದ ಮೇಲೆ ನಾನು ಅಪ್ಪ ಅಮ್ಮನ ಜೊತೆ ನಡುವಿನ ಬೆಂಚಿನಲ್ಲಿ ಕೂರತೊಡಗಿದೆ. ಅಲ್ಲಿ ಕೂತರೆ ಒಬ್ಬರಿಂದ ತೆಗೆದುಕೊಂಡು ಇನ್ನೊಬ್ಬರಿಗೆ ಕೊಡಬೇಕು, ಎರಡು ಸಲ ಬೆವರಬೇಕು. ಆಮೇಲೆ ಕೊರೋನಾ ಬಂತು. ದೇವಾಲಯದ ಬಾಗಿಲಲ್ಲಿ ಮೇಷ್ಟ್ರು ನಿಂತು ಎಲ್ಲರ ಕೈಗೂ ಈ ವಾಸನೆಯ ನೀರು ಹಾಕಿದರು. ಸಮಾಧಾನ ಕೂತಲ್ಲಿಂದಲೇ ಕೈ ಮುಗಿಯುವುದಾಯಿತು. ಮಾದಮ್ಮ ಮೆಟ್ಟಿಲಿನಿಂದಲೇ ಅಜ್ಜಿಗೆ ಕೈ ಮುಗಿಯುತ್ತಿದ್ದಳು. ಸಭೆಯಲ್ಲಿ ಎಲ್ಲರೂ ಕೊರಗುತ್ತಿದ್ದಾಗ ಒಳಗೊಳಗೇ ಹಗುರಾದವಳು ನಾನೊಬ್ಬಳೇ.

ಅದು ಕಳೆದು ಕೈ ಕೊಡುವುದು ಮತ್ತೆ ಶುರುವಾಗಿ ಕೆಲವು ವರ್ಷವಾದ ಮೇಲೆ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಅವರ ಜಾಗ ಖಾಲಿಯಾಯಿತು. ನಾನು ಲೆಕ್ಕ ಹಾಕಿದೆ. ಕೊನೆಯಲ್ಲಿ ಕೂತರೆ ತೆಗೆದುಕೊಂಡರಾಯಿತು, ಕೊಡಬೇಕಾಗಿಲ್ಲ. ಮಾದಮ್ಮನಿಗೆ ಕೊಡುವುದು ಅಜ್ಜಿಯೊಬ್ಬರದೇ ಕೆಲಸ. ಹೀಗೆಂದುಕೊಂಡು ಹೋಗಿ ಕೂತೆ. ಈಗ ನಮ್ಮ ಸಭೆಯಲ್ಲಿ ಜನ ಕಡಿಮೆ, ನಡುವೆ ಖಾಲಿ ಬೆಂಚುಗಳೇ ಹೆಚ್ಚು. ಸಮಾಧಾನ ಅವನ್ನೆಲ್ಲ ದಾಟಿ ನಡೆದು ಬರಬೇಕು. ಮೇಷ್ಟ್ರು ಚಪ್ಪಲಿ ಸದ್ದು ಮಾಡುತ್ತಾ ಬಂದು ನನಗೆ ಕೈ ಕೊಟ್ಟು ವಾಪಸು ನಡೆದರು. ನಿಟ್ಟುಸಿರು ಬಿಟ್ಟು ತಲೆ ಎತ್ತಿದರೆ, ಬಾಗಿಲಾಚೆ ಮಾದಮ್ಮ ಸೆರಗಿಗೆ ಕೈ ಒರೆಸಿಕೊಂಡು ಸಿದ್ಧಳಾಗಿ ನನ್ನನ್ನೇ ನೋಡುತ್ತಿದ್ದಳು. ಎಂ.ಎಸ್ಸಿ. ಓದಿದವಳ ಲೆಕ್ಕ ಹೀಗಾಯಿತು.

ಎದ್ದು ಹೋದೆ. ನನಗೇ ಆಶ್ಚರ್ಯವಾಗುವಂತೆ, ಆ ಒಂದು ಕೈಗೆ ಮಾತ್ರ ನನಗೆ ಸಂಕೋಚವಾಗಲಿಲ್ಲ. ಮಾದಮ್ಮನ ಅಂಗೈ ಯಾವಾಗಲೂ ಒದ್ದೆ. ಹೂವಿಗೆ ಚಿಮುಕಿಸಿದ ನೀರು, ಬಾಳೆನಾರಿನ ಕರೆ. ಅದರಲ್ಲಿ ನನ್ನ ಬೆವರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದ ಕೂಡಲೇ ಅಜ್ಜಿ ಹಾಸಿಗೆಯಿಂದ ಕೇಳುತ್ತಿದ್ದರು, "ಮಾದಮ್ಮಂಗೆ ಕೈ ಕೊಟ್ಯಾ?" ಕೊಟ್ಟೆ ಎನ್ನುತ್ತಿದ್ದೆ. ಅಷ್ಟು ಕೇಳಿದರೆ ಅವರಿಗೆ ಆರಾಧನೆ ಮುಗಿದ ಹಾಗೆ.

ಹೀಗಿರುವಾಗ ಬೈಕು ಬಂತು. ಒಂದು ಭಾನುವಾರ ಗೇಟಿನ ಎದುರು ಇಬ್ಬರು ಯುವಕರು ಬೈಕ್ ನಿಲ್ಲಿಸಿಕೊಂಡು ಕೂತಿದ್ದರು. ಯಾರನ್ನೋ ಕಾಯುತ್ತಿದ್ದಾರೆಂದುಕೊಂಡೆ. ಮುಂದಿನ ವಾರವೂ ಇದ್ದರು. ಆ ಸಲ ಒಬ್ಬನ ಕೈಯಲ್ಲಿ ಫೋನ್ ನೆಟ್ಟಗೆ ನಿಂತಿತ್ತು, ನಮ್ಮ ಬಾಗಿಲಿಗೆ ತಿರುಗಿತ್ತು. ಅವರು ಕೂಗಲಿಲ್ಲ, ಒಳಗೆ ಬರಲಿಲ್ಲ, ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಹೆದರಿಕೆಗೊಂದು ಅಳತೆ ಸಿಗುತ್ತಿತ್ತು. ಆ ವಾರವೇ ಯಾರೋ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದರು. ಯಾವುದೋ ಬೇರೆ ಜಿಲ್ಲೆಯದು. ಒಬ್ಬ ಮುದುಕಿಯನ್ನು ಸುತ್ತ ನಿಂತವರು ಕೇಳುತ್ತಿದ್ದಾರೆ, ಮತ ಬದಲಿಸೆಂದು ನಿನಗೆ ಏನು ಕೊಟ್ಟರು, ಏನು ಆಸೆ ತೋರಿಸಿದರು ಎಂದು. ಮುದುಕಿಗೆ ಪ್ರಶ್ನೆಯೇ ಅರ್ಥವಾಗುತ್ತಿಲ್ಲ. ನಾನು ಅದನ್ನು ಪೂರ್ತಿ ನೋಡಲಿಲ್ಲ. ಆದರೆ ಆ ಮುದುಕಿಯ ಮುಖದ ಜಾಗದಲ್ಲಿ ನನ್ನ ಕಣ್ಣಿಗೆ ಮಾದಮ್ಮನ ಮುಖ ಕಾಣತೊಡಗಿತು. ಏನು ಕೊಟ್ಟರು ಎಂದು ಕೇಳಿದರೆ ಅವಳು ಏನು ಹೇಳಿಯಾಳು. ಸಮಾಧಾನ ಕೊಟ್ಟರು ಎನ್ನುತ್ತಾಳೆ. ಅದನ್ನು ಕೇಳಿದವರು ಏನೆಂದು ಬರೆದುಕೊಳ್ಳುತ್ತಾರೆ.

ನಮ್ಮ ಅಯ್ಯನವರಿಗೆ ಕೊಳ್ಳೇಗಾಲದ ಜೊತೆಗೆ ಹನೂರು, ಯಳಂದೂರಿನ ಮನೆಗಳನ್ನೂ ನೋಡಿಕೊಳ್ಳುವ ಕೆಲಸ. ಇಲ್ಲಿಯ ಆರಾಧನೆ ಮುಗಿಸಿ ಹಳೆಯ ಬೈಕಿನಲ್ಲಿ ಹನೂರಿಗೆ ಹೋಗುತ್ತಾರೆ. ಕೆಲವು ಸಲ ಅಜ್ಜೀಪುರದ ಆಚೆಯವರೆಗೂ, ಆನೆ ದಾಟುವ ದಾರಿಯಲ್ಲಿ. ಮೆಲುದನಿಯ ಮನುಷ್ಯ, ಚಿಕ್ಕ ಮಕ್ಕಳಿದ್ದಾರೆ. ಆ ವಿಡಿಯೋ ಬಂದ ಮೇಲಿನ ಭಾನುವಾರ ದೇವಾಲಯದ ಜಗಲಿಯಲ್ಲಿ ನನ್ನನ್ನು ನಿಲ್ಲಿಸಿ, ಮುಂದಿನ ವಾರದಿಂದ ಸಮಾಧಾನವನ್ನು ಬಾಗಿಲೊಳಗೇ ನಿಲ್ಲಿಸೋಣವಮ್ಮ ಎಂದರು. ನಮ್ಮ ವಿಷಯ ಹೇಗೋ ಆಗುತ್ತದೆ, ಆ ಹೂವಿನ ಹೆಂಗಸನ್ನು ಯಾರಾದರೂ ಹಿಡಿದು ಕೇಳಿದರೆ ನಾವು ಏನು ಮಾಡಲಾಗುತ್ತದೆ ಎಂದರು. ನಾನು ಕೇಳಬಾರದ್ದನ್ನು ಕೇಳಿದೆ. ನಿಮಗೆ ಹೆದರಿಕೆಯಾ ಅಯ್ಯನವರೇ ಎಂದೆ. ಅವರು ನಗಲು ನೋಡಿದರು.

"ಆನೆಗೆ ಹೆದರಲ್ಲಮ್ಮ ನಾನು. ಆನೆ ಫೋಟೋ ತೆಗೆಯಲ್ಲ."

ನನಗೆ ಆ ಕ್ಷಣ ಅನ್ನಿಸಿದ್ದು ಬಿಡುಗಡೆ. ಸರಿ ಅಯ್ಯನವರೇ ಎಂದು ಬೇಗ ಬೇಗ ಮನೆಗೆ ಬಂದೆ.

ಮುಂದಿನ ಭಾನುವಾರ ಮೇಷ್ಟ್ರು ಬಂದು ಕೈ ಕೊಟ್ಟು ಹೋದರು. ಸಮಾಧಾನ ನನ್ನಲ್ಲೇ ನಿಂತಿತು. ಅದನ್ನು ಏನು ಮಾಡುವುದೆಂದು ತಿಳಿಯದೆ ಮುಷ್ಟಿ ಮುಚ್ಚಿ ಮಡಿಲಲ್ಲಿಟ್ಟುಕೊಂಡೆ. ಬಾಗಿಲ ಕಡೆ ನೋಡಲಿಲ್ಲ, ಆದರೂ ಕಂಡಿತು. ಮಾದಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒರೆಸಿಕೊಂಡಳು. ಕೀರ್ತನೆ ಶುರುವಾದ ಮೇಲೆ ಬುಟ್ಟಿಯ ಕಡೆ ತಿರುಗಿದಳು. ಆರಾಧನೆ ಮುಗಿದಾಗ ನಾನು ಪಕ್ಕದ ಬಾಗಿಲಿನಿಂದ, ಸಮಾಧಿಗಳ ನಡುವೆ, ಆ ಮಗುವಿನ ಕಲ್ಲನ್ನೂ ದಾಟಿ ಹೊರಗೆ ಬಂದೆ. ಅಷ್ಟು ಹೆದರುವ ದಾರಿ ಆವತ್ತು ಹತ್ತಿರವೆನ್ನಿಸಿತು.

ಮನೆಯಲ್ಲಿ ಅಜ್ಜಿ ಕೇಳಿದರು. "ಮಾದಮ್ಮಂಗೆ ಕೈ ಕೊಟ್ಯಾ?"

"ಕೊಟ್ಟೆ" ಎಂದೆ.

ಮಾತಿನ ವಿಷಯದಲ್ಲಿ ನಾನು ಬಿಗಿ. ಸುಳ್ಳು ಹೇಳುವುದಿಲ್ಲ. ಅಂದು ಹೇಳಿದ್ದೂ ಸುಳ್ಳಲ್ಲ, ಕನ್ನಡ ಬಲ್ಲವರು ಯಾರಾದರೂ ಒಪ್ಪುತ್ತಾರೆ. ಅದರ ಮುಂದಿನ ಭಾನುವಾರಗಳಲ್ಲೂ ಅಜ್ಜಿ ಕೇಳಿದರು, ನಾನು ಅದೇ ಉತ್ತರ ಕೊಟ್ಟೆ. ಬೈಕು ಕೆಲವು ವಾರ ಇರುತ್ತಿತ್ತು, ಕೆಲವು ವಾರ ಇರುತ್ತಿರಲಿಲ್ಲ. ಇಲ್ಲದ ವಾರ ಎಲ್ಲಿ ಮರೆಯಲ್ಲಿ ನಿಂತಿದೆಯೋ ಎಂದು ಇನ್ನಷ್ಟು ಹೆದರಿಕೆ.

ಕಳೆದ ವಾರದ ನಡುವೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಯಳಂದೂರಿನ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಯಾರೋ ತೋಳು ಮುಟ್ಟಿದರು. ಮಾದಮ್ಮ. ತಲೆಯ ಮೇಲೆ ಬುಟ್ಟಿ ಇರಲಿಲ್ಲ, ಕೈಯಲ್ಲಿ ಆಸ್ಪತ್ರೆಯ ಚೀಟಿ ಇತ್ತು. ನಾನು ಸುತ್ತ ನೋಡಿದೆ, ಯಾರಾದರೂ ನೋಡುತ್ತಿದ್ದಾರಾ ಎಂದು. ಆ ನೋಟವನ್ನು ಅವಳು ಗಮನಿಸಿದಳು. ತೋಳಿನಿಂದ ಕೈ ತೆಗೆದು ಬಲಗೈಯ ಬೆರಳುಗಳನ್ನು ನನ್ನ ಮುಂದೆ ಹಿಡಿದಳು. ತೋರುಬೆರಳಿನ ಬುಡದಲ್ಲಿ ಒಂದು ಬಿಳಿಯ ಮಚ್ಚೆ. ನಾನು ಅದನ್ನು ಅದುವರೆಗೆ ನೋಡಿಯೇ ಇರಲಿಲ್ಲ.

"ಕೂಸೇ, ಬೇಜಾರ್ ಮಾಡ್ಕಬ್ಯಾಡ. ಇದ್ನ ಆಸ್ಪತ್ರೇಲಿ ತೋರಿಸ್ಕಂಡ್ ಬಂದೆ. ತೊನ್ನಂತೆ. ಅಂಟಲ್ವಂತೆ. ಡಾಕ್ಟ್ರಮ್ಮನೇ ಮುಟ್ಟಿ ನೋಡುದ್ರು."

"ಅದಲ್ಲ ಮಾದಮ್ಮ" ಎಂದೆ.

"ಅಂಟಲ್ವಂತೆ ಕಣ್ ಕೂಸೇ" ಎಂದು ಚೀಟಿಯನ್ನು ನನ್ನ ಕಡೆ ಚಾಚಿದಳು.

ಬಸ್ ಬಂತು. ಜನ ನುಗ್ಗಿದರು. ಅಲ್ಲಿ ನಿಂತು, ಅಷ್ಟು ಜನರ ನಡುವೆ, ಬೈಕು, ಫೋನು, ವಿಡಿಯೋ ಎಂದು ಏನು ಹೇಳಲಿ. ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದಾಗ ಅವಳು ಆ ಚೀಟಿಯನ್ನು ಜೋಪಾನವಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅಷ್ಟು ವಾರ ನಾನು ಫೋನಿಗೆ ಹೆದರಿ ಒಳಗೆ ಕೂತಿದ್ದಾಗ, ಅವಳು ಹೊರಗೆ ಕೂತು ತನ್ನ ಬೆರಳಿಗೆ ಹೆದರುತ್ತಿದ್ದಳು. ಯಳಂದೂರು ಬರುವವರೆಗೆ ನನಗೆ ಕಂಬಿಯಿಂದ ಕೈ ತೆಗೆಯಲಾಗಲಿಲ್ಲ.

ಹೋದ ಭಾನುವಾರ ಬೈಕು ಇತ್ತು. ನಾನು ಒಳಗೆ ಹೋಗುವಾಗಲೇ ನೋಡಿಕೊಂಡೆ. ಬೈಬಲಿನ ವೇದಪಾಠ, ಪ್ರಸಂಗದ ಬೋಧನೆ ಯಾವುದೂ ಕಿವಿಗೆ ಬೀಳಲಿಲ್ಲ. ಅಯ್ಯನವರು ವೇದಿಕೆ ಇಳಿದರು. ಮುಂದಿನ ಬೆಂಚಿನವರು ತಿರುಗಿದರು. ನಡುವಿನವರು ತಿರುಗಿದರು. ಮೇಷ್ಟ್ರ ಚಪ್ಪಲಿಯ ಸದ್ದು ಖಾಲಿ ಬೆಂಚುಗಳನ್ನು ದಾಟಿ ಬರತೊಡಗಿತು. ಅವರು ನನಗೆ ಕೈ ಕೊಟ್ಟರು. ನಾನು ಎದ್ದೆ. ಕೂರಮ್ಮ ಎಂದರು. ಕೇಳಿಸಿತು, ಕೂರಲಿಲ್ಲ. ಧೈರ್ಯ ಬಂದಿತ್ತೆಂದು ಹೇಳಿದರೆ ಅದು ಮಾತ್ರ ಸುಳ್ಳಾಗುತ್ತದೆ. ಮೊಣಕಾಲು ಯಾರದ್ದೋ ಎನ್ನುವಂತಿತ್ತು.

ಹೊಸ್ತಿಲಾಚೆ ಬಿಸಿಲು. ಮಾದಮ್ಮ ತಲೆ ಎತ್ತಲಿಲ್ಲ, ಕಾಕಡ ಹೂವು ಕಟ್ಟುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಅವಳ ಎದುರು ಕುಕ್ಕರಗಾಲಲ್ಲಿ ಕೂತೆ. ಬೆನ್ನ ಹಿಂದೆ ಗೇಟು, ಗೇಟಿನಾಚೆ ಆ ಫೋನು.

"ಮಾದಮ್ಮ, ಅವರು ಫೋನ್ ಹಿಡಿದಿದಾರೆ. ನಿನಗೆ ತೊಂದ್ರೆ ಆಗುತ್ತೆ ಅಂತ ಬರಲಿಲ್ಲ. ಬೆರಳಿಗಲ್ಲ."

ಅವಳು ನನ್ನ ಮುಖ ನೋಡಿದಳು, ಆಮೇಲೆ ನನ್ನ ಹೆಗಲ ಮೇಲಿಂದ ಗೇಟಿನ ಕಡೆ ನೋಡಿದಳು.

"ಅಷ್ಟೇಯಾ" ಎಂದಳು.

ಆಮೇಲೆ ಅವಳು ಮಾಡಿದ್ದನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಕಟ್ಟುತ್ತಿದ್ದ ದಂಡೆಯನ್ನು ಹರಿದು, ಬಾಳೆಲೆಯ ತುಂಡಿನಲ್ಲಿ ಸುತ್ತಿ, ಆ ಪೊಟ್ಟಣವನ್ನು ನನ್ನ ಬಲಗೈಯ ಮೇಲಿಟ್ಟಳು. ಅದರ ಮೇಲೆ ತನ್ನ ಬಲಗೈ ಇಟ್ಟಳು. ನನ್ನ ಎಡಗೈ ತಾನಾಗಿ ಅದರ ಮೇಲೆ ಹೋಯಿತು. ಅವಳ ಎಡಗೈ ಎಲ್ಲದರ ಮೇಲೆ ಬಂತು.

ಗೇಟಿನಿಂದ ದನಿ ಬಂತು. "ಏನಮ್ಮ, ಏನ್ ಕೊಟ್ರು ನಿಂಗೆ?"

ಎಷ್ಟು ವಾರದಿಂದ ನಾನು ಹೆದರುತ್ತಿದ್ದ ಪ್ರಶ್ನೆ ಅದೇ. ತಿರುಗಿ ನೋಡಲು ನನ್ನಿಂದಾಗಲಿಲ್ಲ. ಮಾದಮ್ಮ ಕೈ ಬಿಡಿಸಿಕೊಳ್ಳದೆಯೇ ಕೂಗಿ ಹೇಳಿದಳು.

"ಕೊಟ್ಟೋಳು ನಾನು ಕಣ್ಲಾ. ಊವ ಕೊಟ್ಟೆ. ಅವಳಜ್ಜಿಗೆ."

"ಕೈ ಯಾಕ್ ಹಂಗ್ ಹಿಡ್ಕಂಡಿದೀಯಾ?"

"ಎಸಳು ಉದುರ್ತವೆ ಅಂತ" ಎಂದಳು. ಆಮೇಲೆ ಅವನನ್ನು ಮೇಲಿನಿಂದ ಕೆಳಗೆ ನೋಡಿ, "ನಿಂಗೂ ಕೊಡ್ತೀನಿ ಬಾ. ಒಂದ್ ಕೈಲಿ ಫೋನು, ಒಂದ್ ಕೈಲಿ ಬೀಗದ ಕೈ. ಎಲ್ಲಿಗ್ಲಾ ಕೊಡಾನ? ಕೈ ಖಾಲಿ ಮಾಡ್ಕಂಡ್ ಬಾ" ಎಂದಳು.

ಜೊತೆಯವನು ನಕ್ಕ ಸದ್ದು ಕೇಳಿಸಿತು. ಕೇಳಿದವನು ನಗಲಿಲ್ಲ. ಬರಲೂ ಇಲ್ಲ. ಬೈಕ್ ಸದ್ದಾಗಿ ದೂರ ಹೋಯಿತು. ಫೋನಿನಲ್ಲಿ ಏನು ಉಳಿಯಿತೋ, ಅದು ಯಾರ ಯಾರ ಕೈಗೆ ದಾಟಿತೋ ನನಗೆ ಗೊತ್ತಿಲ್ಲ. ನಾನು ಒಳಗೆ ತಿರುಗಿದೆ. ಮೇಷ್ಟ್ರು ನೆಲ ನೋಡುತ್ತಿದ್ದರು. ವೇದಿಕೆಯ ಮೇಲೆ ಅಯ್ಯನವರು ಕೀರ್ತನೆ ಪುಸ್ತಕ ತೆರೆದುಕೊಂಡು ನಿಂತಿದ್ದರು. ನಾನು ಬಂದು ಬೆಂಚಿನ ಮೇಲೆ ಕೂರುವ ತನಕ ಎತ್ತದೆ ಕಾದರು.

ಮನೆಯಲ್ಲಿ ಅಜ್ಜಿ ದಿಂಬಿಗೊರಗಿ ಕೂತಿದ್ದರು.

"ಮಾದಮ್ಮಂಗೆ ಕೈ ಕೊಟ್ಯಾ?"

"ಇಲ್ಲ ಅಜ್ಜಿ. ಇವತ್ತು ಕೊಡಲಿಲ್ಲ" ಎಂದೆ.

ಅವರು ನನ್ನನ್ನೇ ನೋಡಿದರು. ಇಷ್ಟು ವಾರ ಕೊಟ್ಟೆ ಎನ್ನುವಾಗ ನಂಬಿದ್ದರೋ ಇಲ್ಲವೋ ಎಂದು ನನಗೆ ಆಗ ಮೊದಲ ಸಲ ಅನುಮಾನ ಬಂತು. ದಾರಿಯುದ್ದಕ್ಕೂ ಮುಚ್ಚಿಕೊಂಡೇ ಬಂದಿದ್ದ ಮುಷ್ಟಿಯನ್ನು ಅವರ ಮುಂದೆ ತೆರೆದೆ. ಎಲೆ ಬಾಡಿತ್ತು, ಹೂವು ಒಂದಿಷ್ಟು ನಲುಗಿತ್ತು, ಅಂಗೈ ಒದ್ದೆಯಾಗಿತ್ತು. ಅವಳೇ ಕೊಟ್ಟಳು ಎಂದೆ. ಅಜ್ಜಿ ಪೊಟ್ಟಣವನ್ನು ಎತ್ತಿಕೊಳ್ಳಲಿಲ್ಲ. ಅದರ ಮೇಲೆ ತಮ್ಮ ಬಲಗೈಯನ್ನು ಇಟ್ಟು, ಎಡಗೈಯನ್ನೂ ಅದರ ಮೇಲೆ ತರಲು ಹೊದಿಕೆಯೊಳಗಿಂದ ಬಿಡಿಸಿಕೊಳ್ಳತೊಡಗಿದರು.

ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದ್ದೇನೆ. ಒಗೆದ ಚೀಲ ತಂತಿಯ ಮೇಲೆ ಇನ್ನೂ ಒಣಗಿಲ್ಲ. ನಾಳೆ ಭಾನುವಾರ. ಈಗ ತಾನೇ ಮೇಷ್ಟ್ರು ಫೋನ್ ಮಾಡಿದ್ದರು, ಇಂದು ದೇವಾಲಯದ ಎದುರು ಎರಡು ಬೈಕು ನಿಂತಿದ್ದವಂತೆ. ಮುಂದಿನ ಸಾಲಿನಲ್ಲಿ ತಮ್ಮ ಮನೆಯವರ ಪಕ್ಕ ಜಾಗವಿದೆ, ಬಂದು ಕೂರಮ್ಮ, ತಪ್ಪೇನಿಲ್ಲ ಎಂದರು. ಅಂಗೈ ಈಗಲೇ ಬೆವರುತ್ತಿದೆ. ಮುಂದಿನ ಸಾಲಿನಿಂದ ಬಾಗಿಲು ತುಂಬ ದೂರ. ನನ್ನ ಮೊಣಕಾಲನ್ನು ನಂಬಿ ಅಷ್ಟು ದೂರ ನಡೆಯಲಾರೆ. ಕೊನೆಯ ಬೆಂಚಿನಲ್ಲೇ ಕೂರುತ್ತೇನೆ.